ಅಂಗಳದ ರಂಗೋಲಿ ಮತ್ತು ಛಾಯಾಚಿತ್ರ ಗ್ಯಾಲರಿ

ಜಾನಪದ ಕಲೆಗಳಲ್ಲಿ ರಂಗೋಲಿಯಷ್ಟು ಅಲ್ಪಾಯುಷಿಯಾದುದು ವಿರಳ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಾಗಿಲುಗಳ ಮುಂದೆ ಮುಂಜಾನೆ ಮೂಡುವ ಎಳೆಗಳು ಹಗಲಿನ ಓಡಾಟದಲ್ಲಿ ಅಳಿಸಿಹೋಗುತ್ತವೆ. ಇಂತಹ ಕಲೆಗೆ ಛಾಯಾಚಿತ್ರವೇ ನಂಬಲರ್ಹ ದಾಖಲೆ. ಆ ದಾಖಲೆ ಸಾರ್ವಜನಿಕ ಗ್ಯಾಲರಿಗೆ ಬಂದಾಗ ಏನಾಗುತ್ತದೆಂಬುದು ವಿಚಾರಾರ್ಹ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ‘ಮ್ಯಾಪ್’ ಎಂದು ಹೆಸರಾದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ತೆರೆದಾಗ, ಅದರ ಆರಂಭದ ಪ್ರದರ್ಶನಗಳಲ್ಲೊಂದು ಜ್ಯೋತಿ ಭಟ್ಟರ ಛಾಯಾಚಿತ್ರಗಳದಾಗಿತ್ತು. 1934ರಲ್ಲಿ ಭಾವನಗರದಲ್ಲಿ ಜನಿಸಿದ, ಬರೋಡದ ಈ ಚಿತ್ರಕಾರರು 1960ರ ದಶಕದ ಉತ್ತರಾರ್ಧದಿಂದ ಗುಜರಾತ್, ರಾಜಸ್ಥಾನಗಳ ಹಳ್ಳಿಗಳನ್ನು ಸುತ್ತಿ ಭಿತ್ತಿಚಿತ್ರ, ನೆಲಚಿತ್ರಗಳನ್ನು ಸೆರೆಹಿಡಿದರು. ವಿನ್ಯಾಸವನ್ನಷ್ಟೇ ಬೇರ್ಪಡಿಸಿ ತೆಗೆಯದೆ, ಗೋಡೆಯ ಪಕ್ಕ ನಿಂತ ಹೆಂಗಸರನ್ನೂ ಮಕ್ಕಳನ್ನೂ ಚೌಕಟ್ಟಿನೊಳಗೆ ಉಳಿಸಿಕೊಂಡದ್ದು ಅವರ ವಿಶೇಷ. ನಮ್ಮ ಕ್ಷೇತ್ರಕಾರ್ಯದ ಎಷ್ಟೋ ಚಿತ್ರಗಳಿಗೆ ಈ ಔದಾರ್ಯವಿಲ್ಲ.

ಆದರೂ ಒಂದು ತೊಡಕಿದೆ. ಗ್ಯಾಲರಿಯ ಗೋಡೆಗೇರಿದೊಡನೆ ಕೃತಿಯು ಛಾಯಾಗ್ರಾಹಕನ ಹೆಸರಿನದಾಗುತ್ತದೆ. ಎಳೆ ಬರೆದ ಕೈಯ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಜಾನಪದವು ಅನಾಮಿಕವೆಂಬ ವಿದ್ವಾಂಸರ ರೂಢಿಯ ಮಾತು ಇದಕ್ಕೆ ಸಮರ್ಥನೆಯಾಗಲಾರದು. ಯಾವ ಅಂಗಳದ ರಂಗೋಲಿ ಯಾರ ಕೈಯದೆಂಬುದು ಕೇರಿಯವರಿಗೆ ನೋಡಿದೊಡನೆ ತಿಳಿಯುತ್ತದೆ.