ಕಸಬಾ ಎಂದರೆ ಯಾವ ಕಸಬಾ?

ಕಂಪ್ಯೂಟರಿನಲ್ಲಿ ಜಮೀನಿನ ಪಹಣಿ ತೆಗೆದವರಿಗೆ ಆ ಕ್ರಮ ಬಾಯಿಪಾಠವಾಗಿರುತ್ತದೆ. ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ. ಅದಾದ ಮೇಲೆ ಸರ್ವೆ ನಂಬರ್, ಅದರ ಉಪಸಂಖ್ಯೆಯಾದ ಸರ್ನೋಕ್, ಕೊನೆಗೆ ಹಿಸ್ಸಾ ಎಂಬ ಪಾಲು. ಮಂಡ್ಯ ಜಿಲ್ಲೆ ಆರಿಸಿ ಮಳವಳ್ಳಿ ಒತ್ತಿದರೆ ಕಸಬಾ, ಹಲಗೂರು, ಕಿರುಗಾವಲು, ಬೊಪ್ಪೇಗೌಡನಪುರ ಹೋಬಳಿಗಳು ಬರುತ್ತವೆ. ಮದ್ದೂರು ಒತ್ತಿದರೆ ಕಸಬಾ, ಕೊಪ್ಪ, ಆತಗೂರು, ಚಿಕ್ಕರಸಿನಕೆರೆ. ಮೇಲಿನ ಆಯ್ಕೆ ಕೆಳಗಿನ ಪಟ್ಟಿಯನ್ನು ಹೀಗೆ ಕಟ್ಟಿಹಾಕುವುದನ್ನು ಕಂಪ್ಯೂಟರ್ ತಂದ ಜಾಣತನವೆಂದು ಹೊಗಳುವುದುಂಟು. ನನ್ನ ಮಟ್ಟಿಗೆ ಅದು ಕಂದಾಯ ಇಲಾಖೆಯ ಹಳೇ ಶಿಸ್ತು. ಅದರ ಕಾವಲು ಮಾತ್ರ ಊರಿನ ಲೆಕ್ಕಿಗನ ಕೈಯಿಂದ ಕಂಪ್ಯೂಟರಿನ ಕೋಷ್ಟಕದ ಕೈಗೆ ಬಂತು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಶುರುವಾದ ರೆವಿನ್ಯೂ ಸರ್ವೆ ಒಂದೊಂದು ಗ್ರಾಮದಲ್ಲೂ ಒಂದರಿಂದಲೇ ಎಣಿಕೆ ಹಿಡಿಯಿತು. ಹಾಗಾಗಿ ಊರ ಹೆಸರು ಬಿಟ್ಟು ಬರೀ ಸರ್ವೆ ನಂಬರ್ 45 ಎಂದರೆ ಯಾವ ಜಮೀನೂ ಅಲ್ಲ. ಹೋಬಳಿಯ ಕಥೆಯೂ ಅದೇ: ತಾಲ್ಲೂಕು ಕೇಂದ್ರವಿರುವ ಕಸಬಾ ಹೋಬಳಿ ಮದ್ದೂರಿಗೂ ಉಂಟು, ಮಳವಳ್ಳಿಗೂ ಉಂಟು, ಮಂಡ್ಯಕ್ಕೂ ಉಂಟು. ಹೊಸಹಳ್ಳಿಗಳಿಗೆ ಲೆಕ್ಕವೇ ಇಲ್ಲ. ಈ ಗೋಜಲನ್ನು ಊರಿನ ಲೆಕ್ಕಿಗನಾದ ಶಾನುಭೋಗ ನೆನಪಿನಿಂದಲೇ ಬಿಡಿಸುತ್ತಿದ್ದ. ಯಾವ ನಂಬರಿಗೆ ಯಾವ ಹಿಸ್ಸಾ ಎಂಬುದು ಅವನ ವಂಶದ ಆಸ್ತಿಯಂತಿತ್ತು. ಅದೇ ಅವನ ಬಲ, ಅದೇ ಊರಿನ ಭಯ. 1961ರ ಕಾಯ್ದೆ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಮಾಡಿ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗರಿಗೆ ದಾರಿಮಾಡಿತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ತಲೆಗೆ ಮೂರು ನಾಲ್ಕು ಹಳ್ಳಿ. ನೆನಪು ಹೋಯಿತು, ಕೈಬರಹ ಉಳಿಯಿತು. ಇಲ್ಲದ ಹಿಸ್ಸಾ ಬರೆದರೂ ಆ ಕಾಗದ ಅವರನ್ನು ತಡೆಯುತ್ತಿರಲಿಲ್ಲ. ಪಹಣಿಗಳನ್ನು ಕಂಪ್ಯೂಟರಿಗೇರಿಸುವ ಸರ್ಕಾರದ ‘ಭೂಮಿ’ ಯೋಜನೆ ಕೈಹಾಕಿದ್ದು ಇಲ್ಲಿಗೆ. 2000ದ ಆಸುಪಾಸಿನಲ್ಲಿ ಅದು ಮೊದಮೊದಲು ಕಾಲೂರಿದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿದವು, 15 ರೂಪಾಯಿಗೆ ಮುದ್ರಿತ ಪಹಣಿ ಸಿಕ್ಕಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಈಗ ಸರ್ನೋಕ್ ಇಲ್ಲದ ಕಡೆಯೂ ಖಾಲಿ ಬಿಡುವಂತಿಲ್ಲ. ಅಲ್ಲೊಂದು ನಕ್ಷತ್ರದ ಗುರುತು ಕೂತಿರುತ್ತದೆ, ಅದನ್ನೇ ಆರಿಸಬೇಕು.

ಪಟ್ಟಿಯ ಈ ಶಿಸ್ತಿಗೊಂದು ಆಕ್ಷೇಪಣೆಯಿದೆ: ಪಟ್ಟಿ ತೋರಿಸುವುದು ದಾಖಲೆಯನ್ನೇ ಹೊರತು ನೆಲವನ್ನಲ್ಲ. ನಾಲ್ವರು ಅಣ್ಣತಮ್ಮಂದಿರು ಗದ್ದೆಗೆ ಬದು ಹಾಕಿಕೊಂಡು ಬೇರೆಬೇರೆ ಉಳುತ್ತಿರಬಹುದು; ಪೋಡಿ, ಅಂದರೆ ಅಳೆದು ಹಿಸ್ಸಾ ಬೇರ್ಪಡಿಸುವ ಕೆಲಸ, ಆಗದಿದ್ದರೆ ಪಟ್ಟಿಯಲ್ಲಿ ಇರುವುದು ಒಂದೇ ಹಿಸ್ಸಾ, ಜಂಟಿ ಖಾತೆ. ತನ್ನ ಪಾಲನ್ನಷ್ಟೇ ಮಾರಹೊರಟವನು ಆ ಭಾಗದ ಅಳತೆ ತೋರಿಸುವ 11ಇ ನಕ್ಷೆಗೆ ಅರ್ಜಿ ಹಾಕಿ ಭೂಮಾಪಕರಿಗೆ ಕಾಯಬೇಕು. ನಿಜ. ಆದರೆ ದೋಷ ಇರುವುದು ಬಾಕಿ ಬಿದ್ದ ಪೋಡಿಯಲ್ಲಿ. ಇಷ್ಟಬಂದಂತೆ ‘2ಬಿ’ ಎಂದು ಬರೆಯಲು ಬಿಟ್ಟಿದ್ದರೆ ಅವನ ಕೈಗೆ ಕಾಗದ ಬರುತ್ತಿತ್ತು, ಅಳತೆಯಾದ ಜಮೀನು ಬರುತ್ತಿರಲಿಲ್ಲ. ಹಿಸ್ಸಾಗಳ ವಿಸ್ತೀರ್ಣ ಕೂಡಿದರೆ ಸರ್ವೆಯ ಮೂಲ ದಾಖಲೆಯಾದ ಆಕಾರಬಂದಿನ ಒಟ್ಟು ಲೆಕ್ಕಕ್ಕೆ ತಾಳೆಯಾಗಬೇಕೆಂಬುದು ಕಂಪ್ಯೂಟರಿಗಿಂತ ಎಷ್ಟೋ ಹಳೆಯ ನಿಯಮ.

ಇನ್ನೊಂದು ಆಕ್ಷೇಪಣೆಯನ್ನು ಇಷ್ಟು ಸಲೀಸಾಗಿ ತಳ್ಳಿಹಾಕಲಾರೆ. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ‘ಭೂಮಿ’ಯ ಬಗ್ಗೆ 2007ರಲ್ಲಿ ಬರೆದ ಪ್ರಬಂಧದಲ್ಲಿ, ದಾಖಲೆಗಳು ಒಂದೆಡೆ ಸೇರಿದ್ದರಿಂದ ಲಂಚ ಕಡಿಮೆಯಾಗಲಿಲ್ಲ, ದೊಡ್ಡ ಕುಳಗಳಿಗೆ ಜಮೀನು ಹಿಡಿಯುವುದು ಸುಲಭವಾಯಿತು ಎಂದು ವಾದಿಸಿದರು. ಅವರು ನೋಡಿದ್ದು ಬೆಂಗಳೂರಿನ ಸುತ್ತಿನ ಜಮೀನನ್ನು. ಮಂಡ್ಯದ ಕಬ್ಬಿನ ಗದ್ದೆಗೆ ಅದನ್ನು ಹಾಗೇ ಹೊಂದಿಸಲಾಗದು. ಆದರೂ ಒಂದು ಮಾತು ಇಲ್ಲಿಗೂ ಸಲ್ಲುತ್ತದೆ. ಲೆಕ್ಕಿಗನ ಜೊತೆ ಊರ ಜಗಲಿಯಲ್ಲೇ ಜಗಳವಾಡಬಹುದಿತ್ತು. ಕೋಷ್ಟಕ ತಿದ್ದುವ ಅಧಿಕಾರ ತಾಲ್ಲೂಕು ಕಚೇರಿಗೆ ಹೋದಾಗ ಹಲಗೂರಿನವನು ಮಳವಳ್ಳಿಗೆ ಬಸ್ಸು ಹತ್ತಬೇಕಾಯಿತು. ನಾಡಕಚೇರಿಗಳಲ್ಲಿ ಪಹಣಿ ಸಿಗುವಂತಾದ ಮೇಲೆ ಪ್ರತಿ ಪಡೆಯುವ ಅಲೆದಾಟ ತಗ್ಗಿತು, ತಿದ್ದಿಸುವ ಅಲೆದಾಟ ಅಷ್ಟಾಗಿ ತಗ್ಗಲಿಲ್ಲ. ಏಕೆಂದರೆ ಇಂಥ ಪಟ್ಟಿ ತಡೆಯುವುದು ಅಸಾಧ್ಯವಾದುದನ್ನು. ಸುಳ್ಳನ್ನೋ ಹಳತಾದುದನ್ನೋ ಅಲ್ಲ. ಅಜ್ಜ ತೀರಿಹೋಗಿ ಎಷ್ಟು ವರ್ಷವಾಗಿದ್ದರೂ ಜಿಲ್ಲೆಯಿಂದ ಹಿಸ್ಸಾದವರೆಗೆ ಎಲ್ಲವೂ ತಾಳೆಯಾದರೆ ಅವನ ಹೆಸರಿನ ಪಹಣಿ ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ಅದನ್ನು ಬದಲಿಸಲು ವಾರಸುದಾರರು ಮರಣ ಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ ಅರ್ಜಿ ಕೊಡಲೇಬೇಕು.