ಬಳಪದ ಕಲ್ಲು, ಫರ್ಸಿ ಕಲ್ಲು

ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದ ಬಳಪಕ್ಕೂ ದಂಬಳದ ದೊಡ್ಡಬಸಪ್ಪ ಗುಡಿಯ ಗೋಡೆಗೂ ನೆಂಟಸ್ತಿಕೆಯಿದೆ. ಗದಗ ಸೀಮೆಯ ಗುಡಿಗಳನ್ನು ನೋಡಲು ಬರುವ ಗೆಳೆಯರಿಗೆ ನಾನು ಮೊದಲು ಹೇಳುವ ಮಾತು ಇದು.

ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. 11ನೆಯ ಶತಮಾನದ ಹೊತ್ತಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಶಿಲ್ಪಿಗಳು ಹಸಿರು ಛಾಯೆಯ ಬಳಪದ ಕಲ್ಲಿನತ್ತ ತಿರುಗಿದರು. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡ ಇಂಥ ಪದರಗಲ್ಲುಗಳ ಪಟ್ಟಿಯಲ್ಲೇ ಇದೆ. ನೆಲದಿಂದ ತೆಗೆದಾಗ ಈ ಕಲ್ಲು ಮೆತ್ತಗಿರುತ್ತದೆ. ಗಾಳಿ, ಬಿಸಿಲು ತಾಗಿದಂತೆ ಬಿಗಿಯಾಗುತ್ತದೆ. ಗದಗಿನ ಸರಸ್ವತಿ ಗುಡಿಯ ಕಂಬಗಳ ಸೂಕ್ಷ್ಮ ಕೆತ್ತನೆ, ದಂಬಳದ 24 ಮೂಲೆಗಳ ನಕ್ಷತ್ರದ ತಳವಿನ್ಯಾಸ ಸಾಧ್ಯವಾದದ್ದು ಆ ಮೆದುತನದಿಂದ. ಉಳಿ ಸುಲಭವಾಗಿ ಇಳಿದ ಕಡೆ ತಂತಿಯ ಬ್ರಷ್ಷೂ ಸುಲಭವಾಗಿ ಇಳಿಯುತ್ತದೆ. ಕಲ್ಲು ಬಿಗಿಯಾದರೂ ಗ್ರಾನೈಟ್ ಆಗುವುದಿಲ್ಲ.

ನಮ್ಮ ಮನೆಗಳ ನೆಲದ ಕಥೆ ಬೇರೆ. ಈ ಭಾಗದ ಪಡಸಾಲೆಗಳಲ್ಲಿ ಹಾಸಿರುವ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು. ಬೋರಿನ ಗಡಸು ನೀರು ಅದರ ಮೇಲೆ ಆರಿದಾಗ ಉಳಿಯುವ ಬಿಳಿ ಕಲೆಯೂ ಬಹುಪಾಲು ಸುಣ್ಣವೇ. ಕಲೆ ತೆಗೆಯಲೆಂದು ಆ್ಯಸಿಡ್ ಸುರಿದರೆ ಅದಕ್ಕೆ ಕಲೆ ಯಾವುದು, ಕಲ್ಲು ಯಾವುದು ಎಂಬ ಭೇದ ತಿಳಿಯದು, ಎರಡನ್ನೂ ತಿನ್ನುತ್ತದೆ. ನಿಂಬೆ, ಹುಣಸೆ ಹುಳಿಯೂ ನಿಧಾನವಾಗಿ ಅದನ್ನೇ ಮಾಡುತ್ತವೆ. ಇಳಕಲ್ಲಿನ ಕೆಂಪು ಗ್ರಾನೈಟ್ ಇದನ್ನು ತಾಳಿಕೊಂಡೀತು, ಫರ್ಸಿ ತಾಳದು. ಆದ್ದರಿಂದ ತೊಳೆಯುವ ಮೊದಲು ಕಲ್ಲಿನ ಜಾತಿ ತಿಳಿಯಬೇಕು.

ಆರೈಕೆ ಮಾತ್ರ ಸರಳ. ಮೊದಲು ಒಣ ಕಸಬರಿಗೆಯಿಂದ ಮರಳು ತೆಗೆಯಬೇಕು, ಇಲ್ಲವಾದರೆ ಒರೆಸುವ ಬಟ್ಟೆಯೇ ಅದನ್ನು ಉಜ್ಜಿ ಗೀರು ಮಾಡುತ್ತದೆ. ಆಮೇಲೆ ನೀರು, ಬೇಕಿದ್ದರೆ ತುಸು ಸೌಮ್ಯ ಸಾಬೂನು, ಮೆತ್ತನೆಯ ಬಟ್ಟೆ. ಕೊನೆಗೆ ನೀರು ನಿಲ್ಲದಂತೆ ಒಣಗಿಸಬೇಕು. ಎಣ್ಣೆಯ ಕಲೆಗೆ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ತೆಗೆದರೆ ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ಇದು ಮನೆವಾರ್ತೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಈ ಸೀಮೆಯಲ್ಲಿ ಗುಡಿಯ ಕಲ್ಲು ಮತ್ತು ಮನೆಯ ಕಲ್ಲಿನ ನಡುವಿನ ಗೆರೆ ತೆಳುವಾದದ್ದು. ಲಕ್ಕುಂಡಿಯಲ್ಲಿ ಮನೆಯ ಗೋಡೆಗಳಲ್ಲಿ, ಹಿತ್ತಲುಗಳಲ್ಲಿ ಕೆತ್ತನೆಯ ಕಲ್ಲುಗಳು ಸಿಕ್ಕಿವೆ. ಹಿಂದೆ ಪುಲಿಗೆರೆ ಎನಿಸಿಕೊಂಡ, ತಿರುಳ್ಗನ್ನಡದ ಊರುಗಳಲ್ಲಿ ಒಂದೆಂದು ಕವಿರಾಜಮಾರ್ಗ ಹೆಸರಿಸುವ ಲಕ್ಷ್ಮೇಶ್ವರ ಶಾಸನಗಳ ಊರು. ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆಯುತ್ತಿರುವ ಕಲ್ಲಿನಲ್ಲಿ ಅಕ್ಷರ ಕಂಡರೆ ಆ್ಯಸಿಡ್, ಬಣ್ಣ, ಸಿಮೆಂಟು ಯಾವುದೂ ಬೇಡ. ಧೂಳನ್ನು ಮೆತ್ತನೆಯ ಕುಂಚದಿಂದ ಕೊಡವಿ, ಫೋಟೋ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿದರೆ ಸಾಕು.

ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಒಂದು ಓಲೆ ಹಾಳಾದರೆ ಇನ್ನೊಂದು ಉಳಿಯಲಿ ಎಂಬ ಎಚ್ಚರ ಅದರಲ್ಲಿದೆ. 1007ರ ಅವಳ ಲಕ್ಕುಂಡಿ ಶಾಸನಕ್ಕೆ ಆ ಅನುಕೂಲ ಇರಲಿಲ್ಲ. ಕಲ್ಲಿನ ಮೇಲಿನ ಬರಹಕ್ಕೆ ಇರುವುದು ಒಂದೇ ಪ್ರತಿ.