ಎತ್ತರಿಸಿದ ಪಿಕಪ್ ಟ್ರಕ್ಕು

ಅಮೆರಿಕದಲ್ಲಿ ಪಿಕಪ್ ಟ್ರಕ್ಕನ್ನು ಎತ್ತರಿಸುವ ಹವ್ಯಾಸ ಹೇಗೆ ಬೆಳೆಯಿತು ಗೊತ್ತೆ? ಎರಡನೇ ಮಹಾಯುದ್ಧದ ಸೇನಾ ಟ್ರಕ್ಕಿನಿಂದ ರೂಪುಗೊಂಡ ಎತ್ತರದ ಡಾಡ್ಜ್ ಪವರ್ ವ್ಯಾಗನ್ 1946ರಲ್ಲಿ ಮಾರುಕಟ್ಟೆಗೆ ಬಂದಿತು. 1970ರ ದಶಕದಲ್ಲಿ ಬಾಬ್ ಚಾಂಡ್ಲರ್ ತಮ್ಮ ಫೋರ್ಡ್ ಎಫ್-250 ಟ್ರಕ್ಕನ್ನು ಎತ್ತರಿಸಿ, ಭಾರಿ ಚಕ್ರ ಜೋಡಿಸಿ ‘ಬಿಗ್‌ಫುಟ್’ ಎಂದರು. ಹಲವರು ಅನುಕರಿಸಿದರು.

ಆದರೆ ಎತ್ತರವನ್ನು ಹೇಗೆ ಆರಿಸಬೇಕು? ಸ್ಪ್ರಿಂಗ್ ಎತ್ತರಿಸಿದರೆ ಚೌಕಟ್ಟು ಮೇಲೇರುತ್ತದೆ. ಚಕ್ರಗಳ ನಡುವಿನ ಗಟ್ಟಿ ಅಚ್ಚು ಮೇಲೇರಲು ದೊಡ್ಡ ಟೈರೇ ಬೇಕು. ಗುರುತ್ವ ಕೇಂದ್ರವೂ ಏರುತ್ತದೆ.

ಎಡ-ಬಲ ಚಕ್ರಗಳ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸಿ. ಅಂತರ 168 ಸೆಂ.ಮೀ., ಎತ್ತರ 70 ಸೆಂ.ಮೀ. ಎಂದುಕೊಳ್ಳಿ; ಭಾಗಲಬ್ಧ 1.2. ಎತ್ತರ 80 ಆದರೆ 1.05. ಇದು ಇಳಿದಷ್ಟೂ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ಅಮೆರಿಕ ಸರ್ಕಾರ 2001ರಲ್ಲಿ ಇದನ್ನೇ ಆಧರಿಸಿ ವಾಹನಗಳಿಗೆ ಅಂಕ ನೀಡತೊಡಗಿತು. ಆದ್ದರಿಂದ ದಾರಿಗೆ ಬೇಕಾದಷ್ಟೇ ಎತ್ತರ ಸಾಕು.